ಸಂಜೆ ಹೊತ್ತಿನ ಲೇತು: ಅರಗಿನ ಬಣ್ಣದ ಮರದ ಸಾಮಾನು ಮಾಡಿ ಮಾರುವುದು

ಚನ್ನಪಟ್ಟಣದ ಬೊಂಬೆ ನೋಡಿ ಆಸೆಪಟ್ಟು ಲೇತು, ಅಂದರೆ ಮರವನ್ನು ತಿರುಗಿಸಿ ಕಡೆಯುವ ಯಂತ್ರ, ಕೊಂಡವರು ಮೊದಲು ಕೈ ಹಾಕುವುದು ಬುಗುರಿಗೆ, ಗಿಲಕಿಗೆ. ಮನೆಮಕ್ಕಳಿಗಾದರೆ ಸರಿ. ಮಾರುವುದಾದರೆ ಬೇಡ. 2021ರ ಜನವರಿ 1ರಿಂದ 14 ವರ್ಷದೊಳಗಿನ ಮಕ್ಕಳು ಆಡುವ ಸಾಮಾನಿಗೆ ಐಎಸ್‌ಐ ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರಲ್ಲಿ ನೋಂದಾಯಿತರಾದ ಕುಶಲಕರ್ಮಿಗಳಿಗೆ ವಿನಾಯಿತಿ ಇದೆ, ಹವ್ಯಾಸಿಗಳಿಗಿಲ್ಲ. ‘ಚನ್ನಪಟ್ಟಣ’ ಎಂಬ ಹೆಸರಿಗೂ ಭೌಗೋಳಿಕ ಗುರುತಿನ ರಕ್ಷಣೆ ಇರುವುದರಿಂದ ಅದನ್ನು ನಿಮ್ಮ ಡಬ್ಬಿಯ ಮೇಲೆ ಹಾಕುವಂತಿಲ್ಲ. ಕುಂಕುಮದ ಭರಣಿ, ಲಟ್ಟಣಿಗೆ, ಬಳೆ, ಕೀ ಗೊಂಚಲಿನ ಗುಂಡು ಮಾಡಿ. ಇವುಗಳಲ್ಲೂ ಮೊದಲ ಆರು ತಿಂಗಳು ಎರಡೇ ಬಗೆ ಸಾಕು. ಕೈ ಕುದುರುವುದು ಒಂದೇ ಆಕಾರವನ್ನು ಐವತ್ತು ಸಲ ಕಡೆದಾಗ.

ಲೇತಿಗೆ ಅರ್ಧ ಎಚ್‌ಪಿಯ, ನಿಮಿಷಕ್ಕೆ 1440 ಸುತ್ತಿನ ಸಿಂಗಲ್ ಫೇಸ್ ಮೋಟಾರು ಸಾಕು. ಮೋಟಾರಿಗೆ 3 ಇಂಚಿನ ಪುಲ್ಲಿ ಹಾಕಿ, ಲೇತಿನ ಕಡೆಗೆ 2, 3, 4 ಇಂಚಿನ ಮೆಟ್ಟಿಲು ಪುಲ್ಲಿ ಕೂರಿಸಿದರೆ ಕ್ರಮವಾಗಿ 2160, 1440, 1080 ಸುತ್ತು ಸಿಗುತ್ತದೆ. ಒಂದೂವರೆ ಇಂಚು ದಪ್ಪದವರೆಗಿನದಕ್ಕೆ ಮೊದಲನೆಯದು, ಮೂರು ಇಂಚಿನ ಭರಣಿಗೆ ನಡುವಿನದು. ಇನ್ನೂ ಉರುಟಾಗದ ತುಂಡಿಗೆ ಯಾವಾಗಲೂ ಕೊನೆಯದೇ. ಲೇತು ನಡುಗಿದರೆ ಉಳಿ ಕುಣಿಯುತ್ತದೆ, ಕೆಳಮನೆಯವರು ಮೇಲೆ ಬರುತ್ತಾರೆ. ಹಲಗೆಗೆ ಬೋಲ್ಟು ಹಾಕಿ, ಕೆಳಗಿನ ತಟ್ಟಿನ ಮೇಲೆ ಎರಡು ಮರಳುಚೀಲ ಇಟ್ಟುಬಿಡಿ.

ಇಡೀ ಕೆಲಸ ನಿಂತಿರುವುದು ಮರದ ಮೇಲೆ. ಆಲೆ ಮರ ಬಿಳುಪು, ಎಳೆ ನಯ, ಅರಗಿನ ಬಣ್ಣ ಅದರ ಮೇಲೆ ಎದ್ದು ಕಾಣುತ್ತದೆ. ಸಿಗದಿದ್ದರೆ ರಬ್ಬರ್ ಮರವೂ ಆದೀತು. ಹಸಿ ತುಂಡು ತಂದರೆ ಎರಡೂ ತುದಿಗೆ ಕರಗಿಸಿದ ಮೇಣ ಬಳಿದು, ನೆರಳಲ್ಲಿ, ಗಾಳಿಯಾಡುವಂತೆ ಪೇರಿಸಿಡಿ. ತುದಿಯಿಂದ ನೀರು ಬೇಗ ಆರಿದರೆ ಅಲ್ಲೇ ಬಿರುಕು ಬಿಡುತ್ತದೆ. ಎರಡು ಮೂರು ತಿಂಗಳು ಎನ್ನುವುದು ವಾಡಿಕೆಯ ಲೆಕ್ಕ, ಆದರೆ ಮಳೆಗಾಲದ ಮೂರು ತಿಂಗಳೂ ಬೇಸಿಗೆಯ ಮೂರು ತಿಂಗಳೂ ಒಂದೇ ಅಲ್ಲ. ತುಂಡಿನ ಮೇಲೆ ಪೆನ್ಸಿಲಿನಲ್ಲಿ ತೂಕ ಬರೆದಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ಮೂರು ವಾರ ತೂಕ ಇಳಿಯದಿದ್ದರೆ ಒಣಗಿದೆ ಎಂದರ್ಥ. ಭರಣಿಗೆ ನಡುತಿರುಳು ಇರುವ ತುಂಡು ಬೇಡವೇ ಬೇಡ. ಇವತ್ತಲ್ಲದಿದ್ದರೆ ಗಿರಾಕಿಯ ಮನೆಯಲ್ಲಿ ಸೀಳುತ್ತದೆ.

ಲೇತಿನ ಮುಂದೆ ಕೈಗವಸು, ಇಳಿಬಿದ್ದ ತೋಳು, ದುಪಟ್ಟಾ, ಸರ ಯಾವುದೂ ಇರಬಾರದು. ಮುಖಕ್ಕೆ ಪಾರದರ್ಶಕ ಗುರಾಣಿ, ಮೂಗಿಗೆ ಎನ್-95 ಮಾಸ್ಕು. ಉಳಿ ಇಡುವ ಆಸರೆಪಟ್ಟಿ ಮರದಿಂದ 3ರಿಂದ 5 ಮಿಲಿಮೀಟರ್ ದೂರದಲ್ಲಿರಲಿ. ಅಂತರ ಹೆಚ್ಚಿದರೆ ಉಳಿಯ ಮೂತಿಯನ್ನು ಮರ ಕಚ್ಚಿ ಕೆಳಕ್ಕೆಳೆಯುತ್ತದೆ. ಸ್ವಿಚ್ ಹಾಕುವ ಮುಂಚೆ ತುಂಡನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುತ್ತಿಲ್ಲವೆಂದು ನೋಡಿ.

ಲಟ್ಟಣಿಗೆಗೆ 13 ಇಂಚು ಉದ್ದ, 1¾ ಇಂಚು ದಪ್ಪದ ತುಂಡು. ಉರುಟು ಮಾಡಿ, ಆಕಾರ ತಂದು, ಆಸರೆಪಟ್ಟಿ ತೆಗೆದಿಟ್ಟು 120, 180, 240, 320ನೇ ನಂಬರಿನ ಮರಳುಕಾಗದದಲ್ಲಿ ಒಂದಾದ ಮೇಲೊಂದರಂತೆ ಉಜ್ಜಿ. ಕೊನೆಗೆ ಲೇತು ನಿಲ್ಲಿಸಿ ಎಳೆಯ ಉದ್ದಕ್ಕೂ ನಾಲ್ಕು ಸಲ ಉಜ್ಜಬೇಕು. ಇದನ್ನು ಬಿಟ್ಟರೆ ಬಳೆಬಳೆಯಾದ ಗೀರು ಉಳಿಯುತ್ತದೆ, ಅರಗು ಅದನ್ನು ಮುಚ್ಚುವುದಿಲ್ಲ, ಎತ್ತಿ ತೋರಿಸುತ್ತದೆ. ಒಣಬಟ್ಟೆಯಲ್ಲಿ ದೂಳು ಒರೆಸಿ. ಎಣ್ಣೆ ಸೋಕಿದ ಕಡೆ ಅರಗು ಹಿಡಿಯದು.

ಈಗ ಬಣ್ಣದ ಅರಗಿನ ಕಡ್ಡಿಯನ್ನು ತಿರುಗುತ್ತಿರುವ ಮರಕ್ಕೆ ಒತ್ತಿ. ಉಜ್ಜಾಟದ ಬಿಸಿಗೇ ಅರಗು ಕರಗಿ ಅಂಟಿಕೊಳ್ಳುತ್ತದೆ. ಪುಡಿಪುಡಿಯಾಗಿ ಹಾರಿದರೆ ಒತ್ತಡವೋ ವೇಗವೋ ಕಡಿಮೆ. ಗಡ್ಡೆಗಟ್ಟಿ, ಹೊಗೆ ವಾಸನೆ ಬಂದರೆ ಒತ್ತಿದ್ದು ಹೆಚ್ಚಾಯಿತು. ತೆಳುವಾಗಿ ಹತ್ತಿದ ಮೇಲೆ ಒಣಗಿದ ಕೇದಗೆ ಎಲೆಯನ್ನು, ಅಂದರೆ ಕೆಲಸಗಾರರು ತಾಳೆಗರಿ ಎನ್ನುವುದನ್ನು, ಮಡಿಸಿ ಒತ್ತಿ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದರೆ ಅರಗು ಹರಡಿ ಹೊಳಪು ಏರುತ್ತದೆ. ಲಟ್ಟಣಿಗೆಯ ಹಿಡಿಗಳಿಗಷ್ಟೇ ಬಣ್ಣ, ಹಿಟ್ಟು ತಾಗುವ ನಡುಭಾಗ ಬರಿ ಮರವೇ ಇರಲಿ. ಕಡ್ಡಿಗಳನ್ನು ಶುರುವಿನಲ್ಲಿ ಕೊಳ್ಳುವುದೇ ಜಾಣತನ. ಅರಿಶಿನ ಬೆರೆಸಿದ ಹಳದಿ ಚೆಂದ, ಆದರೆ ಬಿಸಿಲಿಗೆ ಬಿಳಿಚುತ್ತದೆ. ಅಂಗಡಿಯ ಗಾಜಿನ ಕಿಟಕಿಯಲ್ಲಿ ಇಡುವವರಿಗೆ ಅದನ್ನು ಕೊಡಬೇಡಿ.

ಭರಣಿಯ ಮುಚ್ಚಳ ಬೇಸಿಗೆಯಲ್ಲಿ ‘ಟಕ್’ ಎಂದು ಕೂತರೆ ಹಿಗ್ಗಬೇಡಿ, ಜುಲೈನಲ್ಲಿ ಮರ ಉಬ್ಬಿ ಅದು ಏಳುವುದೇ ಇಲ್ಲ. ಸುತ್ತಲೂ ಪೋಸ್ಟ್ ಕಾರ್ಡಿನಷ್ಟು ಸಂದು ಬಿಡಿ.

ಬೆಲೆ ಕಟ್ಟುವಾಗ ಹೆಚ್ಚಿನವರು ಮರದ ಲೆಕ್ಕ ಹಾಕಿ ನಿಮಿಷದ ಲೆಕ್ಕ ಮರೆಯುತ್ತಾರೆ. ಉದಾಹರಣೆಗೆ, ಮರ 35 ರೂಪಾಯಿ, ಅರಗು 8, ಮರಳುಕಾಗದ 5, ಕರೆಂಟು 2, ಪ್ಯಾಕಿಂಗ್ 15 ಸೇರಿ 65. ಗಂಟೆಗೆ 180ರಂತೆ 25 ನಿಮಿಷದ ಕೂಲಿ 75. ಕೆಟ್ಟುಹೋಗುವ ಮಾಲಿಗೆಂದು ಶೇ. 10 ಸೇರಿಸಿದರೆ 154. ಅಂಗಡಿಯವರು ಮಾರುವ ಬೆಲೆಯಲ್ಲಿ ಶೇ. 40 ಇಟ್ಟುಕೊಳ್ಳುವುದಾದರೆ 154ನ್ನು 0.6ರಿಂದ ಭಾಗಿಸಿ: 257. ಅಂದರೆ 257ಕ್ಕಿಂತ ಕಡಿಮೆ ಬರೆದರೆ ನಿಮಗೆ ಉಳಿಯುವುದು ಮರದ ಹೊಟ್ಟು. ಸಂತೆಯಲ್ಲಿ ನೀವೇ ಮಾರಿದರೂ ಅದೇ ಬೆಲೆ ಇಡಿ. ಇಲ್ಲದಿದ್ದರೆ ಅಂಗಡಿಯವರು ಮುಂದಿನ ಸಲ ಮಾಲು ತೆಗೆದುಕೊಳ್ಳುವುದಿಲ್ಲ.

ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಪುಕ್ಕಟೆ, ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಆಗುತ್ತದೆ, ದುಡ್ಡು ಕೇಳುವ ಜಾಲತಾಣ ಸರ್ಕಾರದ್ದಲ್ಲ. ಕರ್ನಾಟಕದೊಳಗೇ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ಹೊರರಾಜ್ಯದ ಆರ್ಡರ್ ಒಪ್ಪುವ ಮುಂಚೆ ಮಾತ್ರ ತೆರಿಗೆ ಸಲಹೆಗಾರರನ್ನು ಕೇಳಿ, ಅಲ್ಲಿ ನಿಯಮ ಬೇರೆ.

ಪ್ರತಿ ಸಾಮಾನಿನ ಜೊತೆ ಒಂದು ಚೀಟಿ ಇಡಿ: ಒದ್ದೆ ಬಟ್ಟೆಯಲ್ಲಿ ಒರೆಸಿ, ನೆನೆಹಾಕಬೇಡಿ, ಬಟ್ಟೆ ಒಗೆಯುವ ಸೋಡಾ, ಸ್ಯಾನಿಟೈಸರ್ ತಾಗಿಸಬೇಡಿ. ಎರಡೂ ಅರಗನ್ನು ಕರಗಿಸುತ್ತವೆ. 75 ಡಿಗ್ರಿ ಸುತ್ತಮುತ್ತ ಅರಗು ಕರಗತೊಡಗುತ್ತದೆ, ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಆದ್ದರಿಂದ ಬಿಸಿ ಪಾತ್ರೆಯ ಅಡಿ ಇಡುವ ಮಣೆಗೆ ಅರಗು ಹಚ್ಚಬೇಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ವ್ಯಾನಿನೊಳಗೆ ಬಬಲ್ ರ‍್ಯಾಪ್ ನೇರವಾಗಿ ಸುತ್ತಿದ ಭರಣಿಯ ಮೈಮೇಲೆ ಗುಳ್ಳೆಯ ಅಚ್ಚು ಬೀಳುತ್ತದೆ. ಮೊದಲು ಬಟರ್ ಪೇಪರ್, ಆಮೇಲೆ ಅದು.