ಎಂಟನೆಯವನು ಬರುವವರೆಗೆ

“ಎಲ್ಲರೂ ತಿನ್ನುವಾಗ ನಾನೊಬ್ಬ ಬಿಟ್ಟರೆ ಏನು ಬಂತು?” ಲಂಚದ ಬಗ್ಗೆ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತಿತ್ತು. ಒಮ್ಮೆ ಸಿಟ್ಟನ್ನು ಬದಿಗಿಟ್ಟು ಲೆಕ್ಕ ಹಾಕಲು ಕೂತೆ.

ರಾಜ್ಯಶಾಸ್ತ್ರಜ್ಞ ರಾಬರ್ಟ್ ಆಕ್ಸೆಲ್‌ರಾಡ್ 1980ರಲ್ಲಿ ಪ್ರಕಟಿಸಿದ ಕಂಪ್ಯೂಟರ್ ಪಂದ್ಯಾವಳಿಯೇ ನನಗೆ ಮಾದರಿ. ಅಲ್ಲಿ ಪ್ರೋಗ್ರಾಮುಗಳು ಜೋಡಿಯಾಗಿ ಹಲವು ಸುತ್ತು ಆಡುತ್ತವೆ; ಪ್ರತಿ ಸುತ್ತಿನಲ್ಲೂ ಸಹಕರಿಸಬೇಕು, ಇಲ್ಲವೇ ಕೈಕೊಡಬೇಕು. ಇಬ್ಬರೂ ಸಹಕರಿಸಿದರೆ ತಲಾ 3 ಅಂಕ, ಇಬ್ಬರೂ ಕೈಕೊಟ್ಟರೆ ತಲಾ 1. ಒಬ್ಬನೇ ಕೈಕೊಟ್ಟರೆ ಅವನಿಗೆ 5, ನಂಬಿದವನಿಗೆ ಸೊನ್ನೆ. ಅಲ್ಲಿ ಗೆದ್ದದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ ಪುಟ್ಟ ಪ್ರೋಗ್ರಾಮು: ಮೊದಲು ಸಹಕರಿಸು, ಆಮೇಲೆ ಎದುರಿನವನು ಹೋದ ಸಲ ಮಾಡಿದ್ದನ್ನೇ ಮಾಡು. ಅಂದರೆ, ಮುಯ್ಯಿಗೆ ಮುಯ್ಯಿ.

ನನ್ನ ಪ್ರೋಗ್ರಾಮಿನಲ್ಲಿ 100 ಜನ. ಪ್ರತಿ ಜೋಡಿಯೂ 10 ಸುತ್ತು ಆಡಬೇಕು. ಕಡಿಮೆ ಅಂಕದವರನ್ನು ಸಾಯಿಸುವ ಹಾಗೆ ಮೊದಲು ಬರೆದಿದ್ದೆ. ಜೀವಶಾಸ್ತ್ರಕ್ಕೆ ಅದು ಸರಿ. ರಾಜಕೀಯದಲ್ಲಿ ಯಾರೂ ಸಾಯಬೇಕಿಲ್ಲ, ಗೆದ್ದವನನ್ನು ನೋಡಿ ಚಾಳಿ ಬದಲಿಸಿಕೊಳ್ಳುತ್ತಾರೆ. ಹಾಗಾಗಿ ಸಾವನ್ನು ತೆಗೆದು ಅನುಕರಣೆ ಇಟ್ಟೆ.

ಯಾವಾಗಲೂ ಕೈಕೊಡುವ 99 ವಂಚಕರ ನಡುವೆ ಒಬ್ಬನೇ ಮುಯ್ಯಿಯವನನ್ನು ಬಿಟ್ಟರೆ ಅವನಿಗೆ 891, ವಂಚಕನಿಗೆ 994. ಸಿಟ್ಟು ಬರಿಸಿದ ಆ ಮಾತು ಅಷ್ಟರಮಟ್ಟಿಗೆ ನಿಜವೇ! ಹಾಗಾದರೆ ಎಷ್ಟು ಮಂದಿ ಬೇಕು? ಆರು ಎಂದಿತು ಕಂಪ್ಯೂಟರ್. ಖುಷಿಯಾಗಿ ಎರಡು ದಿನ ಓಡಾಡಿದ ಮೇಲೆ ತಪ್ಪು ಕಂಡಿತು: ಪ್ರತಿಯೊಬ್ಬನೂ ತನ್ನ ಜೊತೆಗೇ ಒಂದು ಪಂದ್ಯ ಆಡಿಕೊಂಡು, ತನಗೆ ತಾನೇ ನಿಯತ್ತಾಗಿದ್ದ! ಸರಿಪಡಿಸಿದರೆ ಏಳು ಮಂದಿಯೂ ಸಾಲಲಿಲ್ಲ. ಅವರಿಗೆ ತಲಾ 1017, ವಂಚಕರಿಗೆ 1018. ಒಂದೇ ಒಂದು ಅಂಕ. ಎಂಟನೆಯವನು ಸೇರಿದಾಗ 1038, ವಂಚಕರಿಗೆ 1022. ಅಲ್ಲಿಂದ ಮುಂದೆ ಇಳಿಜಾರು, ವಂಚಕರು ತಾವಾಗಿಯೇ ಪಕ್ಷ ಬದಲಿಸತೊಡಗಿದರು.

ನನ್ನ ನಿದ್ದೆಗೆಡಿಸಿದ್ದು ಮಾತ್ರ ಸುತ್ತುಗಳ ಲೆಕ್ಕ. ಹತ್ತರ ಬದಲು ಮೂರು ಮಾಡಿದೆ: 36 ಮಂದಿ ಬೇಕಾಯಿತು. ಎರಡು ಮಾಡಿದೆ: 99 ಮಂದಿ ಇದ್ದರೂ ಉಳಿದ ಒಬ್ಬ ವಂಚಕನೇ ಮುಂದೆ. ಆಟಗಾರರ ಸ್ವಭಾವದಲ್ಲಿ ನಾನು ಒಂದಕ್ಷರ ಬದಲಿಸಿರಲಿಲ್ಲ. ಮತ್ತೆ ಮುಖ ನೋಡಬೇಕಾದ ಸಂದರ್ಭಗಳಷ್ಟೇ ಕಡಿಮೆಯಾಗಿದ್ದವು. ಈಗ ಯಾವುದೇ ಸುಧಾರಣೆಯ ಸುದ್ದಿ ಓದಿದರೂ, ಶಿಕ್ಷೆ ಎಷ್ಟು ಎನ್ನುವುದಕ್ಕಿಂತ ಮೊದಲು ಅಲ್ಲಿ ವ್ಯವಹರಿಸುವ ಇಬ್ಬರು ಇನ್ನೆಷ್ಟು ಸಲ ಎದುರಾಗುತ್ತಾರೆ ಎಂದು ಹುಡುಕುತ್ತೇನೆ.

ಈ ಆಟದಲ್ಲಿ ಯಾರೂ ಕೈತಪ್ಪಿ ತಪ್ಪು ಮಾಡುವುದಿಲ್ಲ, ಅದೊಂದು ದೊಡ್ಡ ಕೊರತೆ. ಅಪರೂಪಕ್ಕೊಂದು ತಪ್ಪು ಸೇರಿಸಿದರೂ ಸಾಕು, ಇಬ್ಬರು ಮುಯ್ಯಿಯವರು ಹಳೇ ದ್ವೇಷ ಸಾಧಿಸುತ್ತ ದೀರ್ಘಕಾಲದಲ್ಲಿ ಸರಾಸರಿ 2.25ಕ್ಕೆ ಇಳಿಯುತ್ತಾರೆ. ಮೂರರಲ್ಲೊಂದು ವಂಚನೆಯನ್ನು ಕ್ಷಮಿಸುವವರನ್ನು ಈಗ ಅವರ ನಡುವೆ ಬಿಟ್ಟಿದ್ದೇನೆ.