ಒಂದನೇ ತರಗತಿಗೆ ಹಾಡು ಕಲಿಸುವುದು: ಮೊದಲು ಮಕ್ಕಳ ಶ್ರುತಿ ಹಿಡಿಯಿರಿ

ಸಣ್ಣ ಮಕ್ಕಳ ಸಂಗೀತದ ತರಗತಿ ಕೆಡುವುದು ಮೊದಲ ಅರ್ಧ ನಿಮಿಷದಲ್ಲೇ. ಮೇಷ್ಟ್ರು ಹಾರ್ಮೋನಿಯಂ ಮೇಲೆ ತಮ್ಮ ಗಂಟಲಿಗೆ ಹಿತವಾದ ಷಡ್ಜ (ಹಾಡಿನ ಆಧಾರಸ್ವರವಾದ ‘ಸ’; ಅದರ ಎತ್ತರವೇ ಶ್ರುತಿ) ಹಿಡಿದರೆ ಮೇಲಿನ ಸ್ವರಗಳು ಬಂದಾಗ ಮಕ್ಕಳು ಕಿರುಚುತ್ತಾರೆ. ಟೀಚರ್ ತಮ್ಮ ಶ್ರುತಿ ಹಿಡಿದರೆ ಕೆಳಗಿನ ಷಡ್ಜದಲ್ಲೇ ಮಕ್ಕಳ ದನಿ ಹೂತುಹೋಗುತ್ತದೆ. ಆಮೇಲೆ ಬೈಗುಳ ಮಾತ್ರ ಮಕ್ಕಳಿಗೆ.

ಹಾಡಿನ ಆಯ್ಕೆ ಸುಲಭ: ನಾಲ್ಕು ಸಾಲು, ಐದು ಸ್ವರಗಳೊಳಗಿನ ಓಡಾಟ. ಕರ್ನಾಟಕ ಸಂಗೀತದ ಮೊದಲ ಸ್ವರಪಾಠವಾದ ಸರಳೆ ವರಸೆ ಈಗ ಬೇಡ. ಪುರಂದರದಾಸರು ಹಾಕಿಕೊಟ್ಟ ಕ್ರಮವೆಂಬ ಗೌರವ ನನಗೂ ಇದೆ. ಆದರೆ ಮಾಯಾಮಾಳವಗೌಳ ರಾಗದಲ್ಲಿ ಮೇಲಿನ ‘ಸ’, ಅಂದರೆ ತಾರಷಡ್ಜದವರೆಗೆ ಏರುವುದು ಗುರುವಿನೆದುರು ಒಂಟಿಯಾಗಿ ಕೂತ ಮಗುವಿನ ಪಾಠ. ಒಂದರಿಂದ ಮೂರನೇ ತರಗತಿಯವರು ಒಟ್ಟಿಗೆ ಕೂರುವ ನಲಿ-ಕಲಿ ಕೋಣೆಯದಲ್ಲ.

ಈಗ ಶ್ರುತಿ. ನೀವು ಒಳಗೆ ಬಂದ ಕೂಡಲೇ ಇಡೀ ತರಗತಿ ಎದ್ದು ‘ನಮಸ್ತೇ ಟೀ...ಚರ್’ ಎಂದು ಎಳೆಯುತ್ತದಲ್ಲ, ಆ ‘ಟೀ’ ಯಾವ ಸ್ವರದಲ್ಲಿದೆ ಎಂದು ಕೇಳಿಸಿಕೊಳ್ಳಿ. ಯಾರೂ ಹೇಳಿಕೊಡದೆ ಎಲ್ಲರೂ ಕೂಡಿಕೊಂಡ ಎತ್ತರ ಅದು. ಹಾಡಿನ ನಡುಭಾಗ ಅಲ್ಲಿಗೆ ಬರುವಂತೆ ಷಡ್ಜವನ್ನು ಅದಕ್ಕಿಂತ ಕೊಂಚ ಕೆಳಗೆ ಇಟ್ಟುಕೊಳ್ಳಿ. ಗಂಡು ದನಿಯವರಿಗೆ ಇನ್ನೊಂದು ತೊಡಕು: ನೀವು ಒಂದು ಸ್ಥಾಯಿ (ಒಂದು ‘ಸ’ದಿಂದ ಮುಂದಿನ ‘ಸ’ದವರೆಗಿನ ಅಂತರ) ಕೆಳಗೆ ಹಾಡಿದರೆ ಕೆಲವು ಮಕ್ಕಳು ನಿಮ್ಮನ್ನೇ ಹುಡುಕುತ್ತಾ ಕೆಳಗಿಳಿಯುತ್ತಾರೆ. ಸ್ವರ ಸರಿಯಾಗಿ ಹಿಡಿಯುವ ಹುಡುಗಿಯೋ ಹುಡುಗನೋ ಸಾಲು ಹೇಳಿಕೊಡಲಿ, ನೀವು ಸುಮ್ಮನಿರಿ.

ಆದರೂ ಮೂರು ನಾಲ್ಕು ಮಕ್ಕಳು ಒಂದೇ ಸ್ವರದಲ್ಲಿ ಗೊಣಗುತ್ತಾರೆ. ‘ನೀನು ಬರೀ ಬಾಯಿ ಆಡಿಸು’ ಎಂದು ಮಾತ್ರ ಹೇಳಬೇಡಿ. ಆ ಮಾತು ಕೇಳಿ ನಲವತ್ತು ವರ್ಷವಾದರೂ ಹಾಡಲು ಬಾಯಿ ತೆರೆಯದವರನ್ನು ನಾನು ಬಲ್ಲೆ. ಆ ಮಗುವಿನ ಪಕ್ಕ ಕೂತು ಅದು ಗೊಣಗುವ ಸ್ವರಕ್ಕೇ ನೀವು ಹೋಗಿ ಸೇರಿಕೊಳ್ಳಿ. ಇಬ್ಬರ ದನಿ ಕೂಡಿದ್ದು ಮಗುವಿಗೆ ಗೊತ್ತಾಗುತ್ತದೆ, ಮುಖ ನೋಡಿದರೆ ತಿಳಿಯುತ್ತದೆ. ಅಲ್ಲಿಂದ ಆಂಬುಲೆನ್ಸ್ ಸದ್ದಿನಂತೆ ಜಾರಿಸುತ್ತಾ ಮೇಲೆ ಕರೆದೊಯ್ಯಿರಿ. ಕೋಗಿಲೆ ಕೂಗು, ಸೊಪ್ಪು ಮಾರುವವರ ಕೂಗು, ಯಾವುದೂ ಆದೀತು. ದಿನಕ್ಕೆ ಎರಡು ನಿಮಿಷ ಸಾಕು, ಆದರೆ ವಾರಗಟ್ಟಲೆ ಬೇಕು.

ಸಾಲು ಕಲಿಸುವುದು ಗೊತ್ತಿರುವುದೇ: ಇಡೀ ಹಾಡು ಮೂರು ಸಲ ಕೇಳಿಸಿ, ಆಮೇಲೆ ಒಂದೊಂದೇ ಸಾಲು.

ತಾಳ ಕಾಲಿನಿಂದ ಶುರುವಾಗಲಿ, ಅಂಗಳದಲ್ಲಿ ನಡೆಯುತ್ತಾ ಹಾಡಲಿ. ಆದಿತಾಳದ ಎಂಟು ಎಣಿಕೆಗೆ ಕಿರುಬೆರಳು, ಉಂಗುರಬೆರಳು ಎಂದು ಲೆಕ್ಕ ಹಾಕಿಸಿದರೆ ಹಾಡು ನಿಂತು ಬೆರಳಷ್ಟೇ ಉಳಿಯುತ್ತದೆ.

ಮೊಬೈಲಿನ ತಂಬೂರಿ ಆ್ಯಪ್ ಧಾರಾಳವಾಗಿ ಬಳಸಿ. ಕರೋಕೆ ಬೇಡವೇ ಬೇಡ, ಅದು ಮಕ್ಕಳಿಗಾಗಿ ಕಾಯುವುದಿಲ್ಲ. ಜಾತ್ರೆಯ ಆಟಿಕೆ ಕೀಬೋರ್ಡಿನಲ್ಲಿ ಸ್ವರಗಳೇ ನೆಟ್ಟಗಿರುವುದಿಲ್ಲ. ಅದಕ್ಕಿಂತ ಬರಿಗೈ ಮೇಲು.

ಬೆಳಗಿನ ಪ್ರಾರ್ಥನೆಗೂ ಇದೇ ಕ್ರಮ. ನಾಡಗೀತೆಗೆ 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಗೊತ್ತುಮಾಡಿತು. ಶ್ರುತಿ ಮಾತ್ರ ನಮಗೇ ಬಿಟ್ಟದ್ದು. ಅದರ ಅತಿ ಎತ್ತರದ ಸಾಲನ್ನೇ ಮೊದಲು ಹಾಡಿಸಿ ನೋಡಿ. ಕತ್ತಿನ ನರ ಉಬ್ಬದೆ ಬಂದರೆ, ಹಾರ್ಮೋನಿಯಂನಲ್ಲಿ ಆ ಷಡ್ಜದ ಮನೆಯ (ಕೀಲಿಯ) ಮೇಲೆ ಸೀಮೆಸುಣ್ಣದ ಗುರುತು ಹಾಕಿಡಿ.