ಗ್ಯಾಸ್ ಪೈಪ್‌ಲೈನ್‌ಗೆ ದಾರಿ ಹುಡುಕುವ ಕೆಲಸ: ನನ್ನ ಅನುಭವ

ಪೈಪ್‌ಲೈನ್‌ನಿಂದ ಪರಿಸರಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಅನ್ನೋದು ಬಹುಪಾಲು ನಕ್ಷೆಯ ಮೇಲೇ ತೀರ್ಮಾನವಾಗಿಬಿಡುತ್ತದೆ. ಅಗೆಯುವ ಯಂತ್ರ ಸ್ಥಳಕ್ಕೆ ಬರುವ ಹೊತ್ತಿಗೆ ನಮ್ಮ ಕೈಲಿ ಉಳಿದಿರುವುದು ತೀರಾ ಕಡಿಮೆ. ನಾನು ಈ ಕೆಲಸಕ್ಕೆ ಬಂದಿದ್ದು ಸರ್ವೆ ಕಡೆಯಿಂದ. ಆಮೇಲೆ ಪರಿಸರ ಪರಿಣಾಮದ ವರದಿ ತಯಾರಿಸುವ ತಂಡ ಸೇರಿದೆ. ಎರಡೂ ಕಡೆ ಕೂತು ನೋಡಿದವನಾಗಿ ಹೇಳುತ್ತೇನೆ: ದಾರಿ ಎಳೆಯುವವರು ಮತ್ತು ಪರಿಸರ ನೋಡುವವರು ಮೊದಲ ದಿನದಿಂದಲೇ ಒಂದೇ ಮೇಜಿನ ಸುತ್ತ ಕೂರಬೇಕು. ದಾರಿ ಪಕ್ಕಾ ಆದ ಮೇಲೆ ಪರಿಸರದವರನ್ನು ಕರೆದರೆ ಅವರು ಹಾನಿಯನ್ನು ಸ್ವಲ್ಪ ಕಡಿಮೆ ಮಾಡುವುದು ಹೇಗೆ ಅಂತ ಬರೆಯಬಹುದು, ಅಷ್ಟೇ. ಹಾನಿಯೇ ಆಗದ ಹಾಗೆ ಗೆರೆಯನ್ನು ಪಕ್ಕಕ್ಕೆ ಸರಿಸುವ ಅವಕಾಶ ಅಷ್ಟರಲ್ಲಿ ಕಳೆದುಹೋಗಿರುತ್ತದೆ.

ಕೆಲಸ ಶುರುವಾಗುವುದು ಎರಡು ಚುಕ್ಕೆಗಳಿಂದ. ಗ್ಯಾಸ್ ಎಲ್ಲಿಂದ ಹೊರಡುತ್ತದೆ, ಎಲ್ಲಿಗೆ ತಲುಪಬೇಕು. ನಡುವೆ ನೇರ ಗೆರೆ ಎಳೆದರೆ ಪೈಪ್ ಕಡಿಮೆ ಸಾಕು, ನಿಜ. ಆದರೆ ಆ ಗೆರೆ ಊರಿನ ನಡುವೆ, ಕೆರೆಯ ಮೇಲೆ, ಕುಸಿಯುವ ಗುಡ್ಡದ ಮೈಮೇಲೆ ಹಾದು ಹೋಗುತ್ತದೆ. ಹಾಗಾಗಿ ಮೊದಲು ಕೆಲವು ಕಿಲೋಮೀಟರ್ ಅಗಲದ ಪಟ್ಟಿಯನ್ನು ಹಿಡಿಯುತ್ತೇನೆ. ಅದನ್ನು ಕೆಲವು ನೂರು ಮೀಟರ್‌ಗೆ ಇಳಿಸಿ, ಕೊನೆಗೆ ಪೈಪ್ ಕೂರುವ ನಡುಗೆರೆಗೆ ಬರುತ್ತೇನೆ. ನೆಲದ ಮೇಲೆ ಯಂತ್ರ ಓಡಾಡಲು, ಮಣ್ಣು ರಾಶಿ ಹಾಕಲು, ಪೈಪ್ ಜೋಡಿಸಲು ಸಾಮಾನ್ಯವಾಗಿ 20ರಿಂದ 30 ಮೀಟರ್ ಅಗಲದ ಜಾಗ ಬೇಕು. ದೊಡ್ಡ ಪೈಪ್ ಆದರೆ ಇನ್ನೂ ಜಾಸ್ತಿ.

ಈ ಹಂತದಲ್ಲಿ ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆಗಳನ್ನು ಪದರ ಪದರವಾಗಿ ಜೋಡಿಸುವ ಸಾಫ್ಟ್‌ವೇರ್, ತುಂಬಾ ಸಹಾಯ ಮಾಡುತ್ತದೆ. ಕಾಡು, ಜೌಗು, ಇಳಿಜಾರು, ಮಣ್ಣು, ಬಂಡೆ, ಮನೆಗಳು, ಬಾವಿಗಳು, ರಸ್ತೆಗಳು, ಈಗಾಗಲೇ ಇರುವ ಪೈಪ್ ಮತ್ತು ವಿದ್ಯುತ್ ಲೈನ್‌ಗಳು, ಎಲ್ಲವನ್ನೂ ಒಂದರ ಮೇಲೊಂದು ಪದರವಾಗಿ ಹಾಕಿ, ಪ್ರತಿಯೊಂದಕ್ಕೂ ಅಂಕ ಕೊಡುತ್ತೇವೆ. ದಾಟಲು ಕಷ್ಟವಾದ, ದಾಟಬಾರದ ಜಾಗಕ್ಕೆ ಹೆಚ್ಚು ಅಂಕ. ಒಟ್ಟು ಅಂಕ ಅತಿ ಕಡಿಮೆಯಾಗುವ ದಾರಿಯನ್ನು ಸಾಫ್ಟ್‌ವೇರ್ ಹುಡುಕಿ ಕೊಡುತ್ತದೆ. ಆದರೆ ಅಂಕ ಕೊಟ್ಟವರು ನಾವೇ ಅಲ್ವಾ? ಕಾಡಿಗೆ 8 ಕೊಟ್ಟರೆ ಒಂದು ದಾರಿ, 4 ಕೊಟ್ಟರೆ ಇನ್ನೊಂದು ದಾರಿ. ಅದಕ್ಕೇ ನಾನು ಒಂದು ಸಲ ಜನರಿಗೆ ಹೆಚ್ಚು ತೂಕ ಕೊಟ್ಟು, ಒಂದು ಸಲ ಕಾಡು ಮತ್ತು ನೀರಿಗೆ, ಇನ್ನೊಂದು ಸಲ ಬರೀ ಖರ್ಚಿಗೆ ತೂಕ ಕೊಟ್ಟು ಬೇರೆ ಬೇರೆ ದಾರಿ ತೆಗೆಯುತ್ತೇನೆ. ಮೂರೂ ಗೆರೆಗಳು ಒಂದರ ಮೇಲೊಂದು ಬೀಳುವ ಕಡೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಎಲ್ಲಿ ಮೂರೂ ದೂರ ದೂರ ಹೋಗುತ್ತವೋ ಅಲ್ಲಿಗೆ ಮೊದಲು ನಡೆದುಕೊಂಡು ಹೋಗುತ್ತೇನೆ. ಜಗಳ ಇರುವುದು ಅಲ್ಲೇ.

ಗುಡ್ಡದ ವಿಷಯದಲ್ಲಿ ಹೊಸಬರು ಸಾಮಾನ್ಯವಾಗಿ ರಸ್ತೆಯ ಲೆಕ್ಕದಲ್ಲೇ ಯೋಚಿಸುತ್ತಾರೆ. ಇಳಿಜಾರಿಗೆ ಅಡ್ಡಲಾಗಿ, ಬಳಸಿಕೊಂಡು ಹತ್ತುವುದು ಸುಲಭ ಅಂದುಕೊಳ್ಳುತ್ತಾರೆ. ಪೈಪ್‌ಗೆ ಅದು ಕೆಟ್ಟ ದಾರಿ. ಅಡ್ಡಲಾಗಿ ಹೋಗಬೇಕಾದರೆ ಕೆಲಸದ ಜಾಗ ಸಮತಟ್ಟಾಗಲು ಗುಡ್ಡವನ್ನು ಕಡಿಯಬೇಕು. ಕಡಿದ ಮಣ್ಣು ಕೆಳಕ್ಕೆ ಜಾರುತ್ತದೆ. ಮುಂದೆ ಮೇಲಿನ ಮಣ್ಣು ನಿಧಾನವಾಗಿ ಸರಿದು ಪೈಪ್‌ನ ಪಕ್ಕೆಗೆ ಒತ್ತುತ್ತದೆ. ಗುಡ್ಡದ ಏಣಿನ (ಬೆನ್ನಿನ) ಮೇಲೆ ನೇರವಾಗಿ ಹತ್ತಿ ನೇರವಾಗಿ ಇಳಿಯುವುದೇ ಹೆಚ್ಚಿನ ಕಡೆ ಸುರಕ್ಷಿತ. ಆದರೆ ಅಲ್ಲಿ ನೀರಿನದ್ದು ಬೇರೆ ತಲೆನೋವು. ಪೈಪ್ ಹಾಕಲು ಅಗೆದು ಮುಚ್ಚಿದ ಕಾಲುವೆಯ ಮಣ್ಣು ಸಡಿಲವಾಗಿರುತ್ತದೆ. ಮಳೆ ನೀರು ಒಳಗೊಳಗೇ ಪೈಪ್ ಪಕ್ಕದಲ್ಲೇ ಹರಿದು ಮಣ್ಣನ್ನು ಕೊಚ್ಚಿಕೊಂಡು ಹೋಗುತ್ತದೆ. ಅದನ್ನು ತಡೆಯಲು ಕಾಲುವೆಯ ಒಳಗೇ ಅಲ್ಲಲ್ಲಿ ಮಣ್ಣಿನ ಚೀಲಗಳ ಅಡ್ಡಗೋಡೆ ಕಟ್ಟಬೇಕು. ಇಳಿಜಾರು ಹೆಚ್ಚಿದಷ್ಟೂ ಗೋಡೆಗಳು ಹತ್ತಿರ ಹತ್ತಿರ ಬರಬೇಕು. ಮೇಲ್ಮೈ ನೀರನ್ನು ಪಕ್ಕಕ್ಕೆ ತಿರುಗಿಸಲು ಓರೆ ಬದುಗಳೂ ಬೇಕು.

ನಡೆದು ನೋಡದೆ ಗೊತ್ತಾಗದ ಸಂಗತಿಗೆ ಒಂದು ಉದಾಹರಣೆ ಹೇಳುತ್ತೇನೆ. ಒಂದು ಕಡೆ ಉಪಗ್ರಹ ಚಿತ್ರದಲ್ಲಿ ಒಣ ಹುಲ್ಲುಗಾವಲು ಕಾಣುತ್ತಿತ್ತು. ಸಾಫ್ಟ್‌ವೇರ್ ಅದಕ್ಕೆ ಕಡಿಮೆ ಅಂಕ ಹಾಕಿ ಗೆರೆಯನ್ನು ನೇರವಾಗಿ ಅದರ ಮೇಲೇ ಹಾಯಿಸಿತ್ತು. ನಾನು ಹೋದಾಗಲೂ ನೆಲ ಒಣಗಿಯೇ ಇತ್ತು. ಆದರೆ ಅಲ್ಲಲ್ಲಿ ಜೇಕು ಹುಲ್ಲಿನ ಗುಂಪು ಕಂಡಿತು. ಅದು ನೀರು ಇಷ್ಟಪಡುವ ಗಿಡ. ಕೈ ಬೈರಿಗೆ ಇಳಿಸಿ ಮಣ್ಣು ತೆಗೆದೆ. ಮೊಣಕೈ ಉದ್ದ ಇಳಿಯುವಷ್ಟರಲ್ಲಿ ಕಂದು ಮಣ್ಣು ಹೋಗಿ ಬೂದು ಬಣ್ಣದ ಮಣ್ಣು ಬಂತು. ಅದರಲ್ಲಿ ತುಕ್ಕಿನ ಬಣ್ಣದ ಚುಕ್ಕೆಗಳು. ವರ್ಷದಲ್ಲಿ ಹಲವು ವಾರ ನೀರು ನಿಲ್ಲುವ ಮಣ್ಣು ಹೀಗಿರುತ್ತದೆ. ನೀರು ತುಂಬಿದಾಗ ಗಾಳಿ ಸಿಗದೆ ಕಬ್ಬಿಣದ ಬಣ್ಣ ಬಿಟ್ಟುಹೋಗುತ್ತದೆ, ನೀರು ಇಳಿದಾಗ ಗಾಳಿ ತಾಗಿದ ಕಡೆ ತುಕ್ಕು ಹಿಡಿಯುತ್ತದೆ. ದನ ಮೇಯಿಸುತ್ತಿದ್ದ ಹಿರಿಯರೊಬ್ಬರು ನಾನು ಮಣ್ಣು ಉಜ್ಜಿ ನೋಡುವುದನ್ನು ಕಂಡು ಹತ್ತಿರ ಬಂದರು. "ಮಳೆ ಹಿಡಿದಾಗ ಬನ್ನಿ ಸಾರ್, ಇಲ್ಲಿ ಎಮ್ಮೆ ಹೂತು ಹೋಗ್ತದೆ" ಅಂದರು. ಅಲ್ಲಿ ಕಾಲುವೆ ಅಗೆದಿದ್ದರೆ ಆ ಜೌಗಿನ ನೀರೆಲ್ಲ ಬಸಿದು ಹೋಗುತ್ತಿತ್ತು. ಕೆಳಗಿನ ಬಾವಿಗಳಿಗೂ ಪೆಟ್ಟು ಬೀಳಬಹುದಿತ್ತು. ಗೆರೆಯನ್ನು ಪಕ್ಕದ ದಿಬ್ಬಕ್ಕೆ ಸರಿಸಿದೆವು. ಎರಡು ಬಾಗು ಹೆಚ್ಚಿದವು, ಪೈಪ್ ಸ್ವಲ್ಪ ಉದ್ದವಾಯಿತು. ಜೌಗು ಉಳಿಯಿತು.

ಈಗಾಗಲೇ ವಿದ್ಯುತ್ ಲೈನ್ ಇರುವ ಪಟ್ಟಿಯ ಪಕ್ಕದಲ್ಲೇ ಹೋಗಿ, ಹೊಸದಾಗಿ ಕಾಡು ಸೀಳಬೇಡಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯ ಮಾತು. ಪೈಪ್ ಮೇಲೆ ಆಳ ಬೇರಿನ ಮರ ಬೆಳೆಯಲು ಬಿಡುವುದಿಲ್ಲ, ಹಾಗಾಗಿ ಕಾಡಿನೊಳಗಿನ ಪಟ್ಟಿ ಶಾಶ್ವತವಾಗಿ ಬಯಲಾಗಿಯೇ ಇರುತ್ತದೆ. ಅಂಚಿನಿಂದ ಬಿಸಿಲು, ಗಾಳಿ, ಕಳೆ ಗಿಡಗಳು ಒಳಗೆ ನುಗ್ಗುತ್ತವೆ. ಆದರೆ ಹೈ ವೋಲ್ಟೇಜ್ ಲೈನ್ ಪಕ್ಕದಲ್ಲಿ ಬಹಳ ದೂರ ಜೊತೆಯಾಗಿ ಹೋದರೆ ಪೈಪ್‌ನಲ್ಲಿ ವೋಲ್ಟೇಜ್ ಹುಟ್ಟುತ್ತದೆ. ಮುಟ್ಟಿದವರಿಗೆ ಶಾಕ್, ಪೈಪ್‌ಗೆ ತುಕ್ಕು. ಹಾಗಾಗಿ ಸಾಕಷ್ಟು ಅಂತರ, ಅರ್ಥಿಂಗ್ ಎರಡನ್ನೂ ಮೊದಲೇ ಲೆಕ್ಕ ಹಾಕಬೇಕು.

ನದಿ ದಾಟುವುದರ ಬಗ್ಗೆ ನಾನು ಅತಿ ಹೆಚ್ಚು ಸಮಯ ಕೊಡುತ್ತೇನೆ. ಮೊದಲು ಹಲವು ದಶಕಗಳ ಹಳೆಯ ನಕ್ಷೆ, ವಿಮಾನದಿಂದ ತೆಗೆದ ಚಿತ್ರ ತರಿಸಿ ಒಂದರ ಮೇಲೊಂದು ಇಟ್ಟು ನೋಡುತ್ತೇನೆ. ನದಿ ನಿಂತಲ್ಲಿ ನಿಲ್ಲುವುದಿಲ್ಲ. ತಿರುವಿನ ಹೊರದಂಡೆಯನ್ನು ಕೊರೆಯುತ್ತಾ ಸರಿಯುತ್ತಲೇ ಇರುತ್ತದೆ. ಹಾಗಾಗಿ ನೇರವಾಗಿ ಹರಿಯುವ, ದಂಡೆ ಗಟ್ಟಿ ಇರುವ ಜಾಗ ಬೇಕು. ಪ್ರವಾಹದಲ್ಲಿ ತಳ ಎಷ್ಟು ಆಳ ಕೊರೆಯುತ್ತದೋ ಅದಕ್ಕಿಂತ ಕೆಳಗೆ ಪೈಪ್ ಕೂರಬೇಕು. ಆಮೇಲಿನ ಪ್ರಶ್ನೆ, ತಳ ಅಗೆದು ಹಾಕುವುದಾ, ಅಥವಾ ನದಿಯ ಅಡಿಯಿಂದ ಕೊರೆದು ಎಳೆಯುವುದಾ? ಎಚ್‌ಡಿಡಿ ಅಂತ ಕರೆಯುವ ಈ ಎರಡನೆಯ ವಿಧಾನ ಪರಿಸರಕ್ಕೆ ಒಳ್ಳೆಯದು ಅಂತ ವರದಿಗಳಲ್ಲಿ ಸುಮ್ನೆ ಬರೆದುಬಿಡುತ್ತಾರೆ. ಯಾವಾಗಲೂ ಅಲ್ಲ. ಕೊರೆಯುವಾಗ ರಂಧ್ರ ಕುಸಿಯದಂತೆ ಬೆಂಟೊನೈಟ್ ಜೇಡಿಯ ಕೆಸರನ್ನು ಒತ್ತಡದಲ್ಲಿ ತುಂಬುತ್ತಾರೆ. ತಳದಲ್ಲಿ ಬಿರುಕು ಬಂಡೆಯೋ ದಪ್ಪ ಗುಂಡುಕಲ್ಲೋ ಇದ್ದರೆ ಆ ಕೆಸರು ಮೇಲಕ್ಕೆ ನುಗ್ಗಿ ನದಿಗೆ ಸೇರಬಹುದು. ಬೆಂಟೊನೈಟ್ ವಿಷವಲ್ಲ, ಆದರೆ ಮೀನಿನ ಮೊಟ್ಟೆಗಳ ಮೇಲೆ ಪದರವಾಗಿ ಕೂತರೆ ಅವು ಉಸಿರುಕಟ್ಟಿ ಸಾಯುತ್ತವೆ. ಎರಡೂ ದಂಡೆಯಲ್ಲಿ ಬೋರ್ ಹಾಕಿ ತಳದ ಪದರ ನೋಡದೆ ನಾನು ಎಚ್‌ಡಿಡಿಗೆ ಒಪ್ಪುವುದಿಲ್ಲ. ಇನ್ನೊಂದು ಮಾತು: ಎಳೆಯಬೇಕಾದ ಪೈಪ್‌ನಷ್ಟೇ ಉದ್ದದ ಜಾಗ ಒಂದು ದಂಡೆಯ ಹಿಂದೆ ಬೇಕು. ಪೂರ್ತಿ ಬೆಸೆದು ಮಲಗಿಸಿಟ್ಟ ಪೈಪನ್ನು ಒಂದೇ ಸಲಕ್ಕೆ ಎಳೆಯುತ್ತಾರೆ. ನದಿ ಉಳಿಸಲು ಹೋಗಿ ದಂಡೆಯ ಮರಗಳನ್ನು ಕಡಿದರೆ ಏನು ಬಂತು? ಸಣ್ಣ ತೊರೆಯಾದರೆ, ಮೀನು ಮೊಟ್ಟೆ ಇಡುವ ಕಾಲ ಬಿಟ್ಟು, ನೀರು ಕಡಿಮೆ ಇರುವಾಗ ಪಕ್ಕಕ್ಕೆ ತಿರುಗಿಸಿ ಬೇಗ ಅಗೆದು ಮುಚ್ಚುವುದೇ ಎಷ್ಟೋ ಸಲ ಮೇಲು.

ಜನರ ಸುರಕ್ಷತೆಯೂ ಪರಿಣಾಮದ ಲೆಕ್ಕದಲ್ಲೇ ಬರಬೇಕು. ಅಮೆರಿಕದ ನಿಯಮಗಳಲ್ಲಿರುವ ಒಂದು ಸೂತ್ರವನ್ನು ನಾನು ಯಾವಾಗಲೂ ಬಳಸುತ್ತೇನೆ. ಒತ್ತಡವನ್ನು ಪಿಎಸ್‌ಐನಲ್ಲಿ (ಚದರ ಇಂಚಿಗೆ ಎಷ್ಟು ಪೌಂಡ್ ಅನ್ನುವ ಅಳತೆ), ವ್ಯಾಸವನ್ನು ಇಂಚಿನಲ್ಲಿ ತೆಗೆದುಕೊಂಡು, ಒತ್ತಡದ ವರ್ಗಮೂಲವನ್ನು ವ್ಯಾಸದಿಂದ ಗುಣಿಸಿ, ಮತ್ತೆ 0.69ರಿಂದ ಗುಣಿಸಬೇಕು. ಪೈಪ್ ಒಡೆದು ಬೆಂಕಿ ಹತ್ತಿದರೆ ಅಪಾಯ ಎಷ್ಟು ಅಡಿ ದೂರದವರೆಗೆ ಅಂತ ಬರುತ್ತದೆ. 30 ಇಂಚಿನ ಪೈಪ್, 1000 ಪಿಎಸ್‌ಐ ಒತ್ತಡ ಅಂದರೆ ಸುಮಾರು 655 ಅಡಿ, ಅಂದರೆ 200 ಮೀಟರ್. ಆ ವೃತ್ತದೊಳಗೆ ಶಾಲೆ, ಆಸ್ಪತ್ರೆ ಇದ್ದರೆ ದಾರಿ ಬದಲಿಸಲು ನೋಡುತ್ತೇನೆ. ಪಕ್ಕದಲ್ಲಿ ಮನೆ ಹೆಚ್ಚಿದಷ್ಟೂ ಪೈಪ್‌ನ ಗೋಡೆ ದಪ್ಪವಾಗಬೇಕು ಅಂತ ಗ್ಯಾಸ್ ಪೈಪ್‌ಲೈನ್‌ಗಳ ವಿನ್ಯಾಸಕ್ಕೆ ಅಮೆರಿಕದ ಎಂಜಿನಿಯರ್‌ಗಳ ಸಂಸ್ಥೆ ಬರೆದ ಎಎಸ್‌ಎಂಇ ಬಿ31.8 ಮಾನದಂಡ ಹೇಳುತ್ತದೆ. ಇವತ್ತಿನ ಮನೆಗಳನ್ನು ಎಣಿಸಿದರೆ ಸಾಲದು, ಊರು ಯಾವ ಕಡೆ ಬೆಳೆಯುತ್ತಿದೆ ಅಂತಲೂ ನೋಡಬೇಕು. 2004ರ ಜುಲೈ 30ರಂದು ಬೆಲ್ಜಿಯಂನ ಗಿಲೆಂಗಿಯನ್‌ನಲ್ಲಿ ಗ್ಯಾಸ್ ಪೈಪ್ ಸಿಡಿದು 24 ಜನ ಸತ್ತರು. ಅದು ಹೊಸದಾಗಿ ಎದ್ದು ನಿಲ್ಲುತ್ತಿದ್ದ ಕೈಗಾರಿಕಾ ಪ್ರದೇಶ. ಅಲ್ಲಿ ನಡೆದ ನೆಲದ ಕೆಲಸದಲ್ಲಿ ಯಂತ್ರ ತಾಗಿ ಪೈಪ್‌ಗೆ ಮೊದಲೇ ಏಟು ಬಿದ್ದಿತ್ತು.

ಗಾಳಿಗೆ ಸೇರುವ ಮೀಥೇನ್‌ನ (ಪೈಪ್‌ನಲ್ಲಿ ಹರಿಯುವ ಗ್ಯಾಸ್‌ನ ಮುಖ್ಯ ಭಾಗ) ಲೆಕ್ಕವನ್ನು ಎಷ್ಟೋ ವರದಿಗಳು ಎರಡು ಸಾಲಿನಲ್ಲಿ ಮುಗಿಸುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ. ಭೂಮಿಯನ್ನು ಬಿಸಿ ಮಾಡುವುದರಲ್ಲಿ, 20 ವರ್ಷದ ಲೆಕ್ಕದಲ್ಲಿ, ಒಂದು ಟನ್ ಮೀಥೇನ್ 80 ಟನ್‌ಗೂ ಹೆಚ್ಚು ಕಾರ್ಬನ್ ಡೈಆಕ್ಸೈಡ್‌ಗೆ ಸಮ. ವಾಲ್ವ್ ಸೋರಿಕೆ, ಗ್ಯಾಸನ್ನು ಮುಂದಕ್ಕೆ ತಳ್ಳುವ ಕಂಪ್ರೆಸರ್ ಸ್ಟೇಷನ್, ರಿಪೇರಿಗೆ ಮುಂಚೆ ಪೈಪ್ ಖಾಲಿ ಮಾಡುವುದು, ಎಲ್ಲವನ್ನೂ ಬಿಡಿಯಾಗಿ ಬರೆಯಬೇಕು. ಖಾಲಿ ಮಾಡುವ ಗ್ಯಾಸನ್ನು ಗಾಳಿಗೆ ಬಿಡದೆ ಸಂಚಾರಿ ಕಂಪ್ರೆಸರ್‌ನಿಂದ ಪಕ್ಕದ ಭಾಗಕ್ಕೆ ತಳ್ಳಬಹುದು. ಪೈಪ್ ಗಟ್ಟಿ ಇದೆಯಾ ಅಂತ ನೀರು ತುಂಬಿ ಒತ್ತಡ ಕೊಟ್ಟು ನೋಡುವ ಪರೀಕ್ಷೆಯ ನೀರೂ ಹಾಗೇ. 30 ಇಂಚಿನ ಪೈಪ್‌ನ ಒಂದು ಕಿಲೋಮೀಟರ್ ತುಂಬಲು 400 ಘನ ಮೀಟರ್‌ಗಿಂತ ಜಾಸ್ತಿ ನೀರು ಬೇಕು. ಎಲ್ಲಿಂದ ತರುತ್ತೀರಿ, ಎಲ್ಲಿ ಬಿಡುತ್ತೀರಿ, ಅದೇ ನೀರನ್ನು ಮುಂದಿನ ಭಾಗಕ್ಕೆ ಬಳಸಬಹುದಾ ಅಂತ ಮೊದಲೇ ಕೇಳುತ್ತೇನೆ.

ಕೆಲಸಕ್ಕೆ ಮುಂಚಿನ ಅಳತೆ ಎಲ್ಲ ಋತುಗಳಲ್ಲೂ ಆಗಬೇಕು. ಬಾವಿಗಳ ನೀರಿನ ಮಟ್ಟ, ನೀರಿನ ಬಣ್ಣ, ಹಕ್ಕಿಗಳು ಗೂಡು ಕಟ್ಟುವ ಕಾಲ. ಮೊದಲಿನ ಅಳತೆ ಇಲ್ಲದಿದ್ದರೆ ನಾಳೆ ಬಾವಿ ಬತ್ತಿತು ಅಂತ ರೈತರು ಬಂದಾಗ ಅವರಿಗೂ ನ್ಯಾಯ ಸಿಗುವುದಿಲ್ಲ. ಕೈಬಿಟ್ಟ ದಾರಿಗಳನ್ನೂ ಕಾರಣ ಸಮೇತ ವರದಿಯಲ್ಲಿ ಹಾಕುತ್ತೇನೆ. ಪೈಪ್‌ಲೈನೇ ಬೇಡ ಅನ್ನುವ ಆಯ್ಕೆಗೂ ಅಲ್ಲಿ ಪ್ರಾಮಾಣಿಕ ಜಾಗ ಇರಬೇಕು.

ಕೊನೆಯದಾಗಿ ನಾನು ಹಠ ಹಿಡಿಯುವುದು ಅಲೈನ್‌ಮೆಂಟ್ ಶೀಟ್‌ಗಾಗಿ. ಮೇಲೆ ದಾರಿಯ ನಕ್ಷೆ, ಕೆಳಗೆ ನೆಲದ ಏರಿಳಿತ ಇರುವ ಉದ್ದನೆಯ ಹಾಳೆ ಅದು. ಸೈಟಿನಲ್ಲಿ ಯಂತ್ರ ನಡೆಸುವವರ ಕೈಯಲ್ಲಿ ಇರುವುದು ಆ ಹಾಳೆಯೇ ಹೊರತು ನಮ್ಮ ದಪ್ಪ ವರದಿಯಲ್ಲ. ಆದ್ದರಿಂದ ಪ್ರತಿ ಹಾಳೆಯ ಅಡಿಯಲ್ಲಿ ಪರಿಸರಕ್ಕೆ ಅಂತಲೇ ಒಂದು ಪಟ್ಟಿ ಹಾಕಿಸುತ್ತೇನೆ. ಇಲ್ಲಿಂದ ಇಲ್ಲಿಯವರೆಗೆ ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿ, ಕೆಳಮಣ್ಣಿನ ಜೊತೆ ಬೆರೆಸಬೇಡಿ. ಇಲ್ಲಿ ಕಾಡಿನೊಳಗೆ ಅಗಲ ಕಡಿಮೆ ಮಾಡಿ. ಈ ತೊರೆಯನ್ನು ಮೀನು ಮೊಟ್ಟೆ ಇಡುವ ತಿಂಗಳುಗಳಲ್ಲಿ ಮುಟ್ಟಬೇಡಿ. ಈ ಇಳಿಜಾರಿನಲ್ಲಿ ಅಡ್ಡಗೋಡೆ ಇಷ್ಟಿಷ್ಟು ದೂರಕ್ಕೆ. ಪ್ರತಿ ಸೂಚನೆಯೂ ಮೀಟರ್ ಲೆಕ್ಕದಲ್ಲಿ ಇರಬೇಕು, ಯಾರು ನೋಡಿ ಸಹಿ ಹಾಕುತ್ತಾರೆ ಅನ್ನೋದೂ ಅಲ್ಲೇ ಇರಬೇಕು. ಕೆಲಸ ಮುಗಿದು ಜೋರು ಮಳೆ ಬಿದ್ದ ಮೇಲೆ ಅದೇ ಹಾಳೆಗಳನ್ನು ಹಿಡಿದು ಮತ್ತೆ ದಾರಿ ನಡೆಯುತ್ತೇನೆ. ಮುಚ್ಚಿದ ಮಣ್ಣು ಎಲ್ಲಿ ಕುಸಿದಿದೆ, ಹುಲ್ಲು ಎಲ್ಲಿ ಹುಟ್ಟಿಲ್ಲ, ಬದು ಎಲ್ಲಿ ಒಡೆದಿದೆ ಅಂತ ಗುರುತು ಹಾಕಿ, ಗುತ್ತಿಗೆದಾರರ ಕೊನೆಯ ಬಿಲ್ ಪಾಸಾಗುವ ಮೊದಲೇ ಆ ಪಟ್ಟಿಯನ್ನು ಕೊಡುತ್ತೇನೆ.